ವಿಮಾನಶಿಲ್ಪಿ ಡಾ. ವಿಷ್ಣು ಮಾಧವ ಘಾಟಗೆ

ಹಿರಿಯರ ಚರಿತ್ರೆಯನ್ನು ಓದುವವನು ಅದನ್ನು ಅಳತೆಗೋಲಾಗಿ ಹಿಡಿದು ತನ್ನ ನಡೆಯನ್ನು ಅಳೆದುಕೊಳ್ಳಬೇಕೆಂಬುದು ಬಲ್ಲವರ ಮತ. ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗಳಲ್ಲಿ ಶರಣರ, ಕವಿಗಳ, ಶ್ರೀಮಠದ ಪೂಜ್ಯ ಗುರುಪರಂಪರೆಯ ಹಾಗೂ ವಿದ್ಯಾದಾನಕ್ಕೆ ಸರ್ವಸ್ವವನ್ನೂ ಮುಡಿಪಾಗಿಟ್ಟ ಮಹನೀಯರ ಜೀವನಚಿತ್ರಗಳು ವರ್ಷವರ್ಷವೂ ಪ್ರಕಟವಾಗುತ್ತ ಬಂದಿವೆ. ಈ ಬಾರಿ ಸಂಪಾದಕ ಮಂಡಲಿಯವರು ನನ್ನಿಂದ ಲೇಖನವನ್ನು ಅಪೇಕ್ಷಿಸಿದಾಗ ನಾನು ಆಯ್ದುಕೊಂಡದ್ದು ಒಬ್ಬ ವಿಮಾನಶಿಲ್ಪಿಯ ಬಾಳನ್ನು. ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣಗಳಲ್ಲಿ ಕಾಲ ಕಳೆದ ಪಂಡಿತನೊಬ್ಬನು ಯಂತ್ರವಿದ್ಯೆಯ ಹಿರಿಯರೊಬ್ಬರನ್ನು ಕುರಿತು ಬರೆಯಹೊರಟದ್ದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ನಿವೇದಿಸಿ ಅನಂತರ ಚರಿತ್ರೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ವಸ್ತುಪ್ರದರ್ಶನದಲ್ಲಿ ನಾನು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆಗಳ ಮಕ್ಕಳು ಅಲ್ಲಿ ಸೇರಿದ್ದರು. ಚನ್ನಪಟ್ಟಣದಿಂದ ನಮ್ಮ ಶಾಲೆಗೆ ಬರುತ್ತಿದ್ದ, ಬೊಂಬೆ ಕಡೆಯುವ ಮನೆತನದ ಹುಡುಗನೊಬ್ಬ ಹಾಲೆ ಮರದಲ್ಲಿ ಮಾಡಿದ ಪುಟ್ಟ ವಿಮಾನವೊಂದನ್ನು ತಂದಿಟ್ಟಿದ್ದ. ನೆತ್ತಿಯ ಮೇಲೆ ಉದ್ದನೆಯ ರೆಕ್ಕೆ, ಅದರ ಕೆಳಗೆ ಇಬ್ಬರು ಅಕ್ಕಪಕ್ಕದಲ್ಲಿ ಕೂರುವಷ್ಟು ಗೂಡು, ಮೂತಿಯಲ್ಲಿ ಬೆರಳು ತಾಕಿದರೆ ತಿರುಗುವ ಪಂಖ, ಮೈಗೆಲ್ಲ ಅರಗಿನ ಹಳದಿ ಬಣ್ಣ. ಇದು ನಿನ್ನ ಕಲ್ಪನೆಯೋ, ಯಾವುದನ್ನಾದರೂ ನೋಡಿ ಮಾಡಿದ್ದೋ ಎಂದು ನಾನು ಕೇಳಿದೆ. ಹಳೆಯ ಚಿತ್ರವೊಂದನ್ನು ನೋಡಿ, ಅದರ ಅಳತೆಗಳನ್ನು ಲೆಕ್ಕ ಹಾಕಿ ಕಿರಿದುಗೊಳಿಸಿ ಮಾಡಿದೆನೆಂದು ಹುಡುಗ ಸತ್ಯವನ್ನೇ ನುಡಿದ. ನಕಲಿಗೆ ಬಹುಮಾನವಿಲ್ಲವೆಂದು ಹೇಳಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಅವನು ತಲೆ ತಗ್ಗಿಸಿಕೊಂಡು ಹೋದ. ವಿಮಾನವನ್ನು ಮನೆಗೂ ಒಯ್ಯಲಿಲ್ಲ. ಮರುವರ್ಷ ಏನನ್ನೂ ತರಲಿಲ್ಲ.

ಮುಂದೆ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದಿದ್ದ ಹಿರಿಯರೊಬ್ಬರು, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ವಿಜ್ಞಾನದ ಕೊಠಡಿಯ ಕಪಾಟಿನಲ್ಲಿದ್ದ ಆ ಬೊಂಬೆಯನ್ನು ಕಂಡು ಗುರುತು ಹಿಡಿದರು. ಅದು ಪುಷ್ಪಕವೆಂಬ ವಿಮಾನದ ಪ್ರತಿರೂಪವೆಂದೂ, ಆ ಪುಷ್ಪಕವೇ ಅಮೆರಿಕದ ಒಂದು ಹಳೆಯ ಹಗುರ ವಿಮಾನವನ್ನು ಆಧರಿಸಿ ಬೆಂಗಳೂರಿನಲ್ಲಿ ರೂಪುಗೊಂಡದ್ದೆಂದೂ, ಅದನ್ನು ರೂಪಿಸಿದ ತಂಡದ ನಾಯಕರು ಡಾ. ಘಾಟಗೆಯವರೆಂದೂ ತಿಳಿಸಿದರು. ನಕಲೆಂದು ನಾನು ತಳ್ಳಿದ್ದು ಎಂತಹ ಪರಂಪರೆಯ ಕುಡಿಯೆಂಬುದು ಆಗ ನನ್ನ ಅರಿವಿಗೆ ಬಂದಿತು.

ವ್ಯಾಕರಣವನ್ನು ಪಾಠ ಹೇಳುವವನಿಗೆ ಇನ್ನೊಂದು ಲಜ್ಜೆಯೂ ಆಯಿತು. ವಿಮಾನವೆಂಬ ಶಬ್ದವು ಅಳತೆ ಎಂಬರ್ಥದ ಮಾ ಧಾತುವಿನಿಂದ ಹುಟ್ಟಿದ್ದು. ಅಳೆದು ಕಟ್ಟಿದ್ದೇ ವಿಮಾನ. ಆದ್ದರಿಂದಲೇ ದೇವಾಲಯದ ಗರ್ಭಗುಡಿಯ ಮೇಲಣ ಕಟ್ಟಡಕ್ಕೂ ಅದೇ ಹೆಸರು. ಅದೇ ಧಾತುವಿನಿಂದ ಪ್ರತಿಮೆಯೂ ಹುಟ್ಟಿತು, ಪ್ರಮಾಣವೂ ಹುಟ್ಟಿತು, ನಿರ್ಮಾಣವೂ ಹುಟ್ಟಿತು. ಇದ್ದದ್ದನ್ನು ಅಳೆದು ತೋರುವುದು ಪ್ರತಿಮೆ, ಇಲ್ಲದ್ದನ್ನು ಅಳೆದು ತರುವುದು ನಿರ್ಮಾಣ. ಒಂದೇ ತಾಯಿಯ ಮಕ್ಕಳಾದ ಈ ಶಬ್ದಗಳ ನಂಟನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತಿದ್ದ ನಾನು ಆ ಹುಡುಗನ ಮುಂದೆ ಅದನ್ನು ಮರೆತೆ. ಘಾಟಗೆಯವರ ಬಾಳು ಆ ನಂಟಿಗೆ ಬರೆದ ಭಾಷ್ಯದಂತಿದೆ.

ಜನನ ಮತ್ತು ವ್ಯಾಸಂಗ

ವಿಷ್ಣು ಮಾಧವ ಘಾಟಗೆಯವರು 1908ನೆಯ ಇಸವಿ ಅಕ್ಟೋಬರ್ 24ರಂದು ಕೊಲ್ಹಾಪುರದ ಸೀಮೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ ಜನಿಸಿದರು. ಕನ್ನಡ ಮರಾಠಿಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಗಡಿಸೀಮೆ ಅದು. ರೈಟ್ ಸೋದರರು ಅಮೆರಿಕದ ಮರಳುದಿಬ್ಬದ ಮೇಲೆ ಮೊದಲ ಬಾರಿಗೆ ಯಂತ್ರಬಲದಿಂದ ಹಾರಿ ಆಗ ಐದು ವರ್ಷಗಳೂ ತುಂಬಿರಲಿಲ್ಲ. ಭರತಖಂಡದ ಆಕಾಶದಲ್ಲಿ ವಿಮಾನವೆಂಬುದು ಪುರಾಣದ ಮಾತಾಗಿಯೇ ಇತ್ತು.

ಮುಂಬಯಿಯಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿದ ತರುಣ ಘಾಟಗೆಯವರು ಜರ್ಮನಿಯ ಗ್ಯೋಟಿಂಗೆನ್ ನಗರಕ್ಕೆ ತೆರಳಿದರು. ಅಲ್ಲಿ ಗಾಳಿಯ ಗತಿಯನ್ನು ಶಾಸ್ತ್ರವಾಗಿ ಕಟ್ಟಿದ ಲುಡ್ವಿಗ್ ಪ್ರಾಂಟ್ಲರು ಆಚಾರ್ಯಪೀಠದಲ್ಲಿದ್ದರು. ಹರಿಯುವ ಗಾಳಿಯು ರೆಕ್ಕೆಯ ಮೈಗೆ ತಗುಲುವಲ್ಲಿ ಅತಿ ತೆಳುವಾದ ಒಂದು ಪದರ ನಿಧಾನಗೊಂಡು ಅಂಟಿದಂತಿರುತ್ತದೆ. ರೆಕ್ಕೆಗೆ ಆಗುವ ಎಳೆತವೂ, ರೆಕ್ಕೆ ಇದ್ದಕ್ಕಿದ್ದಂತೆ ಗಾಳಿಯ ಹಿಡಿತವನ್ನು ಕಳೆದುಕೊಳ್ಳುವ ಅಪಾಯವೂ ಬಹುಮಟ್ಟಿಗೆ ಆ ಪದರದ ನಡತೆಯನ್ನು ಅವಲಂಬಿಸಿವೆ. 1904ರಲ್ಲಿ ಪ್ರಾಂಟ್ಲರು ಪ್ರತಿಪಾದಿಸಿದ ಈ ತತ್ತ್ವವೇ ಇಂದಿಗೂ ವಿಮಾನಶಾಸ್ತ್ರದ ಅಡಿಗಲ್ಲು. ಅವರಲ್ಲಿ ಶಿಷ್ಯವೃತ್ತಿ ಕೈಗೊಂಡ ಮೊದಲ ಭಾರತೀಯರೆಂಬ ಹಿರಿಮೆ ಘಾಟಗೆಯವರದು. 1936ರಲ್ಲಿ ಅವರು ಡಾಕ್ಟರೇಟ್ ಪದವಿಯನ್ನು ಗಳಿಸಿದರು.

ಗ್ಯೋಟಿಂಗೆನ್ನಿನ ವಿದ್ಯೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅಲ್ಲಿ ಸಿದ್ಧಾಂತಕ್ಕೂ ಪ್ರಯೋಗಕ್ಕೂ ನಡುವೆ ಗೋಡೆಯಿರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದ್ದನ್ನು ಗಾಳಿಸುರಂಗದಲ್ಲಿ ಪರೀಕ್ಷಿಸುತ್ತಿದ್ದರು. ಗಾಳಿಸುರಂಗವೆಂದರೆ ಬೇಕಾದ ವೇಗದಲ್ಲಿ ಗಾಳಿಯನ್ನು ಹರಿಯಿಸುವ ಒಂದು ದೊಡ್ಡ ಕೊಳವೆ. ಅದರೊಳಗೆ ರೆಕ್ಕೆಯ ಅಥವಾ ಇಡೀ ವಿಮಾನದ ಕಿರಿದಾದ ಪ್ರತಿರೂಪವನ್ನು ನಿಲ್ಲಿಸಿ, ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ತೂಗಿ ನೋಡುತ್ತಾರೆ. ಮನುಷ್ಯನನ್ನು ಹೊತ್ತು ಹಾರುವ ವಿಮಾನಕ್ಕಿಂತ ಮೊದಲು ಅದರ ಚಿಕ್ಕ ಬೊಂಬೆ ಸುರಂಗದಲ್ಲಿ ಪರೀಕ್ಷೆಗೆ ನಿಲ್ಲಬೇಕು. ಹಿಂದೆ ಇಂತಹ ಬೊಂಬೆಗಳನ್ನು ಮರದಲ್ಲಿಯೇ ಬಹಳವಾಗಿ ಮಾಡುತ್ತಿದ್ದರು. ಚನ್ನಪಟ್ಟಣದ ಕುಶಲಿಯೊಬ್ಬನ ಕೈಗೆ ಇದು ಪರಕೀಯವಾದ ಕೆಲಸವೇನೂ ಅಲ್ಲ.

ಬೆಂಗಳೂರಿನ ಕರ್ಮಭೂಮಿ

1940ರ ಡಿಸೆಂಬರ್ ತಿಂಗಳಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥಾನವು ನೆಲವನ್ನೂ ಬಂಡವಾಳವನ್ನೂ ನೀಡಿತು. ನಮ್ಮ ಜನ ಅದನ್ನು ಅಂದಿನಿಂದ ಇಂದಿನವರೆಗೆ ವಿಮಾನ ಕಾರ್ಖಾನೆಯೆಂದೇ ಕರೆಯುತ್ತಾರೆ. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಇಂತಹ ಕಾರ್ಖಾನೆಗೆ ಬೇಕಾದ ವಿದ್ಯಾವಂತರು ದೇಶದಲ್ಲಿ ಬೆರಳೆಣಿಕೆಯಷ್ಟೇ ಇದ್ದರು. ಸಂಸ್ಥೆಯ ಆರಂಭದ ದಿನಗಳಲ್ಲಿಯೇ ಘಾಟಗೆಯವರು ಅದನ್ನು ಸೇರಿದರು.

ಆ ಕಾರ್ಖಾನೆಯ ಮೊದಲ ಕೆಲಸ ಯಾವುದೆಂಬುದು ನಮ್ಮ ಪ್ರಕೃತ ವಿಷಯಕ್ಕೆ ಬಹು ಮುಖ್ಯವಾದುದು. ಅಮೆರಿಕದಿಂದ ಬಿಡಿಭಾಗಗಳಾಗಿ ಬಂದ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿನ ಕೆಲಸಗಾರರು ಜೋಡಿಸಿ ನಿಲ್ಲಿಸಿದರು. 1941ರ ಆಗಸ್ಟ್ ತಿಂಗಳಿನಲ್ಲಿ ಅದು ಬೆಂಗಳೂರಿನ ಆಕಾಶಕ್ಕೆ ಏರಿತು. ಮರುವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಅದೇ ರೀತಿಯಲ್ಲಿ ಸಿದ್ಧವಾಯಿತು. ಪರರು ರೂಪಿಸಿದ್ದನ್ನು, ಪರರು ಕೊಟ್ಟ ನಕ್ಷೆಯಂತೆ, ಪರರು ಕಳಿಸಿದ ತುಂಡುಗಳಿಂದ ಜೋಡಿಸುವುದು ಹೀಗೆ ನಮ್ಮ ದೇಶದ ವಿಮಾನೋದ್ಯಮಕ್ಕೆ ಅಕ್ಷರಾಭ್ಯಾಸವಾಯಿತು. ಮಗು ಗುರುವು ಬರೆದುಕೊಟ್ಟ ಅಕ್ಷರದ ಮೇಲೆ ತಿದ್ದುವುದನ್ನು ಯಾರೂ ಹಳಿಯುವುದಿಲ್ಲವಷ್ಟೆ.

ತಿದ್ದುವುದರಲ್ಲಿಯೇ ತೃಪ್ತರಾಗಿ ಕುಳಿತವರಲ್ಲ ಘಾಟಗೆಯವರು. ಅದೇ ಕಾಲದಲ್ಲಿ ಹತ್ತು ಮಂದಿ ಕುಳಿತುಕೊಳ್ಳಬಹುದಾದ, ಯಂತ್ರವಿಲ್ಲದೆ ತೇಲುವ ಜಿ-1 ಎಂಬ ಗ್ಲೈಡರನ್ನು ಅವರು ವಿನ್ಯಾಸಗೊಳಿಸಿದರು. ನಿರ್ಮಾಣವಾದದ್ದು ಒಂದೇ ಒಂದು. ಯುದ್ಧದ ಒತ್ತಡದಲ್ಲಿ ಕಾರ್ಖಾನೆಯೆಲ್ಲ ದುರಸ್ತಿಯ ಕೆಲಸಕ್ಕೆ ಮೀಸಲಾದ್ದರಿಂದ ಆ ಪ್ರಯತ್ನ ಮುಂದುವರಿಯಲಿಲ್ಲ. ಆದರೂ ತಮ್ಮ ಲೆಕ್ಕದಂತೆ ಕಟ್ಟಿದ್ದು ತೇಲಬಲ್ಲದೆಂಬ ಧೈರ್ಯ ಅವರಿಗೆ ಅದರಿಂದ ಲಭಿಸಿತು.

1942ರ ಡಿಸೆಂಬರ್ ತಿಂಗಳಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾದಾಗ ಅದರ ಹೊಣೆಯೂ ಘಾಟಗೆಯವರ ಪಾಲಿಗೆ ಬಂದಿತು. ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಪಾಠಶಾಲೆ. ಕೈಗೆ ಅಂಟಿದ ಎಣ್ಣೆಯನ್ನು ಒರೆಸಿಕೊಂಡು ಕರಿಹಲಗೆಯ ಮುಂದೆ ನಿಲ್ಲುವ ಬಾಳು. ಈ ದೇಶದಲ್ಲಿ ವಿಮಾನಶಾಸ್ತ್ರವನ್ನು ಕಲಿಸಿದ ಮೊದಲಿಗರ ಸಾಲಿನಲ್ಲಿ ಅವರು ಅಗ್ರಗಣ್ಯರು. ಅಧ್ಯಾಪಕರಾದ ನಾವು ಅವರನ್ನು ನೆನೆಯಲು ಇದೊಂದೇ ಕಾರಣವೂ ಸಾಕು.

ಯುದ್ಧ ಮುಗಿದ ಮೇಲೆ ವಿಮಾನ ಕಾರ್ಖಾನೆಗೆ ಕೆಲಸವೇ ಇಲ್ಲದಂತಾಯಿತು. ವಿಮಾನ ಕಟ್ಟಲು ಕಲಿತ ಕೈಗಳು ರೈಲು ಬೋಗಿಗಳನ್ನೂ ಬಸ್ಸುಗಳ ಮೈಗಳನ್ನೂ ಕಟ್ಟಿದವು. ಕಾನ್ಪುರದಲ್ಲಿ ಯುದ್ಧಾನಂತರ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ಭಾರಿ ಬಾಂಬರುಗಳ ರಾಶಿಯಿತ್ತು. 1948ರಲ್ಲಿ ಕಾರ್ಖಾನೆಯ ಕುಶಲಿಗಳು ಅವುಗಳನ್ನು ಹಾರುವ ಮಟ್ಟಕ್ಕೆ ತಂದರು. ಕಾರ್ಖಾನೆಯ ಪರೀಕ್ಷಾ ಚಾಲಕ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿಯವರು ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಅಲ್ಲಿಂದ ಬೆಂಗಳೂರಿಗೆ ಹಾರಿಸಿ ತಂದರು. ಬೆಂಗಳೂರಿನಲ್ಲಿ ಅವು ಪೂರ್ಣವಾಗಿ ನವೀಕೃತವಾಗಿ ವಾಯುಪಡೆಯನ್ನು ಸೇರಿದವು. ಮತ್ತೊಬ್ಬರು ಗುಜರಿಯೆಂದು ಎಸೆದದ್ದನ್ನು ಬಿಚ್ಚಿ, ಅರಿತು, ಮತ್ತೆ ಕಟ್ಟುವವನು ಅದರ ಕರ್ತೃವಿನ ಮನಸ್ಸನ್ನೇ ಓದುತ್ತಾನೆ. ಅಂಥ ಓದು ಆ ವರ್ಷಗಳಲ್ಲಿ ಕಾರ್ಖಾನೆಗೆ ಧಾರಾಳವಾಗಿ ಒದಗಿತು.

ಎಚ್.ಟಿ.-2: ಮೊದಲ ಸ್ವಂತ ಕೃತಿ

ಸ್ವತಂತ್ರ ಭಾರತದ ವಾಯುಪಡೆಯ ತರುಣರು ಆಗ ಬ್ರಿಟಿಷರ ಟೈಗರ್ ಮಾತ್ ಮತ್ತು ಪ್ರೆಂಟಿಸ್ ವಿಮಾನಗಳಲ್ಲಿ ಹಾರಾಟವನ್ನು ಕಲಿಯುತ್ತಿದ್ದರು. ಪ್ರೆಂಟಿಸ್ ವಿಮಾನವನ್ನು ಪರವಾನಗಿಯ ಮೇರೆಗೆ ಬೆಂಗಳೂರಿನಲ್ಲಿಯೇ ಕಟ್ಟುತ್ತಿದ್ದರು. 1948ರಲ್ಲಿ, ನಮ್ಮದೇ ಒಂದು ತರಬೇತಿ ವಿಮಾನವನ್ನು ರೂಪಿಸುವ ಕಾರ್ಯಕ್ಕೆ ಸರಕಾರದ ಒಪ್ಪಿಗೆ ದೊರೆಯಿತು. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸ ಆರಂಭವಾಯಿತು. ಅದಕ್ಕೆ ಹಿಂದುಸ್ಥಾನ್ ಟ್ರೈನರ್ ಎಂಬುದರ ಸಂಕ್ಷೇಪವಾಗಿ ಎಚ್.ಟಿ.-2 ಎಂಬ ಹೆಸರಾಯಿತು.

ತರಬೇತಿ ವಿಮಾನವನ್ನು ರೂಪಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ನಿಜವಾಗಿ ಅದು ಬಹು ಸೂಕ್ಷ್ಮವಾದ ಕೆಲಸ. ಹೊಸಬನ ತಪ್ಪನ್ನು ಅದು ಸಹಿಸಬೇಕು, ಆದರೆ ಮುಚ್ಚಿಡಬಾರದು. ಶಿಷ್ಯನು ಎಡವಿದಾಗ ಅವನಿಗೆ ಅದು ಗೊತ್ತಾಗಬೇಕು, ಪ್ರಾಣಕ್ಕೆ ಅಪಾಯವಾಗಬಾರದು. ಹಿಂದಿನ ಪೀಠದಲ್ಲಿರುವ ಗುರುವು ಬೇಕೆಂದಾಗ ಹತೋಟಿಯನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಒರಟು ನೆಲಕ್ಕೆ ದಿನಕ್ಕೆ ಹತ್ತು ಸಲ ಕುಕ್ಕಿದರೂ ಕಾಲು ಮುರಿಯಬಾರದು. ಒಳ್ಳೆಯ ಉಪಾಧ್ಯಾಯನಿಗೆ ಇರಬೇಕಾದ ಗುಣಗಳೆಲ್ಲ ಒಳ್ಳೆಯ ತರಬೇತಿ ವಿಮಾನಕ್ಕೂ ಬೇಕು.

ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಪೀಠಗಳ, ಕೆಳರೆಕ್ಕೆಯ, ಪೂರ್ಣವಾಗಿ ಲೋಹದಿಂದ ಕಟ್ಟಿದ ಎಚ್.ಟಿ.-2 ವಿಮಾನವು 1951ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಮುನ್ಷಿಯವರ ಕೈಯಲ್ಲಿ ಮೊದಲ ಬಾರಿಗೆ ಹಾರಿತು. ಭಾರತದಲ್ಲಿಯೇ ವಿನ್ಯಾಸಗೊಂಡು ಸಾಲುಸಾಲಾಗಿ ತಯಾರಾದ ಮೊದಲ ಯಂತ್ರಚಾಲಿತ ವಿಮಾನ ಅದು. ಯಂತ್ರ ಮಾತ್ರ ಇಂಗ್ಲೆಂಡಿನದು, 155 ಅಶ್ವಶಕ್ತಿಯ ಸಿರಸ್ ಮೇಜರ್. ಮೈ, ರೆಕ್ಕೆ, ಬಾಲ, ಅವುಗಳ ಹಿಂದಿನ ಲೆಕ್ಕ ಎಲ್ಲವೂ ಬೆಂಗಳೂರಿನವು. ಮುಂದೆ 150ಕ್ಕೂ ಹೆಚ್ಚು ವಿಮಾನಗಳು ತಯಾರಾಗಿ ವಾಯುಪಡೆಯನ್ನೂ ನಾಗರಿಕ ತರಬೇತಿ ಶಾಲೆಗಳನ್ನೂ ಸೇರಿದವು. ಆಫ್ರಿಕದ ಘಾನಾ ದೇಶಕ್ಕೂ 12 ವಿಮಾನಗಳು ಹೋದವು. ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ವಾಯುಪಡೆಯ ಎಷ್ಟೋ ಯೋಧರು ತಮ್ಮ ಮೊದಲ ಹಾರಾಟವನ್ನು ಮಾಡಿದ್ದು ಘಾಟಗೆಯವರು ಅಳೆದು ಕೊಟ್ಟ ರೆಕ್ಕೆಗಳ ಮೇಲೆ.

ಪುಷ್ಪಕ ಮತ್ತು ಕೃಷಕ

ಸ್ವಂತ ವಿಮಾನವನ್ನು ಕಟ್ಟಿ ಕೀರ್ತಿ ಪಡೆದ ಶಿಲ್ಪಿಯು ಮತ್ತೆ ಪರರ ಮಾದರಿಯತ್ತ ಮುಖ ಮಾಡುವುದು ಅಪರೂಪ. ಘಾಟಗೆಯವರು ಅದನ್ನು ಮಾಡಿದರು. ದೇಶದ ಹಾರಾಟ ಸಂಘಗಳಿಗೆ ಅಗ್ಗವಾದ, ಹಗುರವಾದ, ದುರಸ್ತಿಗೆ ಸುಲಭವಾದ ವಿಮಾನವೊಂದು ಬೇಕಾಗಿತ್ತು. ಅಮೆರಿಕದ ಒಹಾಯೊ ಪ್ರಾಂತದ ಏರಾಂಕಾ ಸಂಸ್ಥೆಯು ಯುದ್ಧಾನಂತರ ತಯಾರಿಸಿದ ಚೀಫ್ ಎಂಬ ಎರಡು ಪೀಠದ ಮೇಲ್‌ರೆಕ್ಕೆಯ ವಿಮಾನವು ಅಂತಹ ಗುಣಗಳಿಗೆ ಹೆಸರಾಗಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನಲ್ಲಿ ರೂಪುಗೊಂಡ ವಿಮಾನವೇ ಪುಷ್ಪಕ. 1958ರ ಸೆಪ್ಟೆಂಬರ್ 28ರಂದು ಅದು ಮೊದಲು ಹಾರಿತು. ಆರಂಭದ ಚೀಫ್ ವಿಮಾನಕ್ಕೆ 65 ಅಶ್ವಶಕ್ತಿಯ ಯಂತ್ರವಿದ್ದರೆ ಪುಷ್ಪಕಕ್ಕೆ 90 ಅಶ್ವಶಕ್ತಿಯ ಯಂತ್ರವನ್ನು ಅಳವಡಿಸಿದರು. ನಮ್ಮ ಬೇಸಗೆಯ ಕಾದ ತೆಳು ಗಾಳಿಯಲ್ಲಿ, ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಬೆಂಗಳೂರಿನಂತಹ ಊರಿನಲ್ಲಿ, ಇಬ್ಬರನ್ನು ಹೊತ್ತು ಏರಬೇಕಾದರೆ ಬಲ ಸ್ವಲ್ಪ ಹೆಚ್ಚಿರುವುದೇ ಮೇಲು.

ಪುಷ್ಪಕದ ಮೈ ಲೋಹದ ಚೌಕಟ್ಟಿನ ಮೇಲೆ ಬಟ್ಟೆಯ ಹೊದಿಕೆ. ಇಂತಹ ವಿಮಾನಗಳಲ್ಲಿ ಬಟ್ಟೆಯನ್ನು ಹೊದಿಸಿದ ಮೇಲೆ ಡೋಪ್ ಎಂಬ ಮೆರುಗೆಣ್ಣೆಯಂತಹ ದ್ರವವನ್ನು ಪದರ ಪದರವಾಗಿ ಬಳಿಯುತ್ತಾರೆ. ಅದು ಆರಿದಂತೆ ಬಟ್ಟೆ ಮದ್ದಳೆಯ ತೊಗಲಿನಂತೆ ಬಿಗಿಯಾಗಿ ಗಾಳಿಯನ್ನೂ ನೀರನ್ನೂ ತಡೆಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಆ ಶಾಖಕ್ಕೆ ಕರಗಿದ ಬಣ್ಣವನ್ನು ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುವ ನಮ್ಮ ಚನ್ನಪಟ್ಟಣದವರಿಗೆ ಈ ಕೆಲಸದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಔಚಿತ್ಯವನ್ನೂ ಗಮನಿಸಬೇಕು. ಪುರಾಣದ ಪುಷ್ಪಕವು ವಿಶ್ವಕರ್ಮನ ಕೃತಿ. ಕುಬೇರನಲ್ಲಿತ್ತು, ರಾವಣನ ವಶವಾಯಿತು, ಶ್ರೀರಾಮನನ್ನು ಅಯೋಧ್ಯೆಗೆ ಕರೆತಂದು ಮತ್ತೆ ಕುಬೇರನಲ್ಲಿಗೆ ಮರಳಿತು. ಕೈಯಿಂದ ಕೈಗೆ ಬಂದರೂ ಅದರ ಗೌರವ ಕುಂದಲಿಲ್ಲ. ಒಹಾಯೊದಲ್ಲಿ ಹುಟ್ಟಿದ ರೂಪವೊಂದು ಬೆಂಗಳೂರಿನಲ್ಲಿ ಮರುಹುಟ್ಟು ಪಡೆದದ್ದಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ಸುಮಾರು 150 ಪುಷ್ಪಕಗಳು ತಯಾರಾದವು. ಶ್ರೀಮಂತರಲ್ಲದ ಮನೆಗಳ ಎಷ್ಟೋ ತರುಣರು ಹಾರಾಟ ಸಂಘಗಳಲ್ಲಿ ಅದರಿಂದಲೇ ಹಾರಲು ಕಲಿತರು.

ಮಾದರಿಯನ್ನು ಅನುಸರಿಸಿದ ಫಲ ಮುಂದಿನ ವರ್ಷವೇ ಕಾಣಿಸಿತು. ಪುಷ್ಪಕದ ವಿನ್ಯಾಸವನ್ನೇ ಬೆಳೆಸಿ, ಅದಕ್ಕೆ ಹೆಚ್ಚಿನ ಬಲದ ಯಂತ್ರವನ್ನಿಟ್ಟು, ಭೂಸೈನ್ಯದ ವೀಕ್ಷಣೆಯ ಕೆಲಸಕ್ಕೆ ಒಗ್ಗುವಂತೆ ಕೃಷಕವೆಂಬ ವಿಮಾನವನ್ನು ಘಾಟಗೆಯವರ ತಂಡ ಸಿದ್ಧಪಡಿಸಿತು. 1959ರಲ್ಲಿ ಅದು ಹಾರಿತು. ಚೀಫ್ ಎಂಬ ಮಾದರಿಯಿಂದ ಪುಷ್ಪಕ, ಪುಷ್ಪಕದಿಂದ ಕೃಷಕ: ಮೊದಲನೆಯದು ಪರರದು, ಎರಡನೆಯದು ಪರರದೂ ನಮ್ಮದೂ, ಮೂರನೆಯದು ನಮ್ಮದು. ವ್ಯಾಸಭಾರತವನ್ನು ಅನುಸರಿಸಿಯೇ ಪಂಪನು ತನ್ನ ಕಾವ್ಯವನ್ನು ಕಟ್ಟಿದ, ಕುಮಾರವ್ಯಾಸನೂ ಕಟ್ಟಿದ. ಅವರನ್ನು ನಕಲುಗಾರರೆಂದು ಕರೆದ ರಸಿಕರು ಕನ್ನಡನಾಡಿನಲ್ಲಿ ಇದುವರೆಗೆ ಹುಟ್ಟಿಲ್ಲ.

ಕಿರಣ ಮತ್ತು ಕೊನೆಯ ದಿನಗಳು

ಘಾಟಗೆಯವರ ವಿನ್ಯಾಸಗಳ ಶಿಖರ ಕಿರಣ ಎಂಬ ಜೆಟ್ ತರಬೇತಿ ವಿಮಾನ. ಅದು 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿ, 1968ರಲ್ಲಿ ವಾಯುಪಡೆಯನ್ನು ಸೇರಿತು. ಇಲ್ಲಿ ಗುರುಶಿಷ್ಯರು ಒಬ್ಬರ ಪಕ್ಕದಲ್ಲಿ ಒಬ್ಬರು ಕೂರುತ್ತಾರೆ. ಶಿಷ್ಯನ ಕೈಯನ್ನೂ ಮುಖವನ್ನೂ ಗುರು ನೋಡುತ್ತಲೇ ಕಲಿಸಬಹುದು. ಮುಂದೆ 1996ರಲ್ಲಿ ರೂಪುಗೊಂಡ ಸೂರ್ಯಕಿರಣ ತಂಡವು ಒಂದೂವರೆ ದಶಕದ ಕಾಲ ಇದೇ ವಿಮಾನಗಳಲ್ಲಿ ಆಕಾಶದಲ್ಲಿ ಚಿತ್ತಾರ ಬರೆದು ಜನಮನವನ್ನು ಸೂರೆಗೊಂಡಿತು. ಬೆಂಗಳೂರಿನ ವೈಮಾನಿಕ ಪ್ರದರ್ಶನಗಳಲ್ಲಿ ಅದನ್ನು ಕಂಡು ಬೆರಗಾದ ನಮ್ಮ ಸೀಮೆಯ ಜನ ಬಹು ಮಂದಿ. ಅದರ ಶಿಲ್ಪಿಯ ಹೆಸರನ್ನು ಅರಿತವರು ಕೆಲವರೇ.

1965ರಲ್ಲಿ ಭಾರತ ಸರಕಾರವು ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ವಿನ್ಯಾಸದ ಮೇಜಿನಿಂದ ಕಾರ್ಖಾನೆಯ ಆಡಳಿತದ ಉನ್ನತ ಹೊಣೆಗಳವರೆಗೆ ಅವರು ಏರಿದರು. 1991ರ ಡಿಸೆಂಬರ್ 6ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಅವರ ಹೆಸರಿನ ಪ್ರಶಸ್ತಿಯನ್ನು ಭಾರತೀಯ ವೈಮಾನಿಕ ಸಂಘವು ನೀಡುತ್ತ ಬಂದಿದೆ. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಎಚ್.ಟಿ.-2 ಮತ್ತು ಕಿರಣ ವಿಮಾನಗಳನ್ನು ಇಂದಿಗೂ ಹತ್ತಿರದಿಂದ ನೋಡಬಹುದು.

ಒಂದು ನೋವಿನ ಮಾತನ್ನೂ ಇಲ್ಲಿ ಹೇಳಬೇಕು. ಪುಷ್ಪಕದ ತಯಾರಿಕೆ 1960ರ ದಶಕದ ಕೊನೆಗೆ ನಿಂತಿತು. ಹಾರಾಟ ಸಂಘಗಳು ಕ್ರಮೇಣ ವಿದೇಶದ ವಿಮಾನಗಳನ್ನು ಕೊಂಡವು. ಎಚ್.ಟಿ.-2ರ ಸ್ಥಾನಕ್ಕೆ ಬಂದ ದೀಪಕ್ ವಿಮಾನವನ್ನು 2009ರಲ್ಲಿ ಹಾರಾಟದಿಂದ ನಿಲ್ಲಿಸಿದ ಮೇಲೆ ವಾಯುಪಡೆಯು ಮೊದಲ ಪಾಠದ ವಿಮಾನವನ್ನು ಸ್ವಿಟ್ಜರ್ಲೆಂಡಿನಿಂದ ತರಿಸಬೇಕಾಯಿತು. ಬೆಂಗಳೂರಿನಲ್ಲಿಯೇ ರೂಪುಗೊಂಡ ಎಚ್.ಟಿ.ಟಿ.-40 ಎಂಬ ಹೊಸ ತರಬೇತಿ ವಿಮಾನ ಹಾರಿದ್ದು 2016ರಲ್ಲಿ. ಮಾಡುವ ಕೈ ಒಮ್ಮೆ ಸುಮ್ಮನಾದರೆ ಅದನ್ನು ಮತ್ತೆ ಪಳಗಿಸಲು ಎಷ್ಟು ವರ್ಷಗಳು ಬೇಕೆಂಬುದಕ್ಕೆ ಇದು ನಿದರ್ಶನ.

ಮನೆಯಂಗಳದ ವಿಮಾನಗಳು

ಹಳೆಯ ಹಗುರ ವಿಮಾನಗಳ ಪ್ರತಿರೂಪವನ್ನು ಮನೆಯಲ್ಲಿಯೇ ಕಟ್ಟುವ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೆಳೆದಿದೆ. ಬ್ರೆಜಿಲ್ ದೇಶದ ಸಾಂತೋಸ್ ದ್ಯೂಮೊಂಟರು ತಮ್ಮ ಪುಟ್ಟ ವಿಮಾನ ದೆಮ್ವಾಸೆಲ್‌ನ ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ ಎಂದು ಶತಮಾನದ ಹಿಂದೆಯೇ ಲೋಕಕ್ಕೆ ಬಿಟ್ಟುಕೊಟ್ಟರು. ಶರಣರ ಭಾಷೆಯಲ್ಲಿ ಹೇಳುವುದಾದರೆ ಅದು ವಿದ್ಯೆಯ ದಾಸೋಹ. 1953ರಲ್ಲಿ ಅಮೆರಿಕದಲ್ಲಿ ಇಂತಹ ಹವ್ಯಾಸಿಗಳ ಸಂಘವೇ ಹುಟ್ಟಿತು. ಪೆಟ್ಟಿಗೆಯಲ್ಲಿ ಬರುವ ಕೊಳವೆ, ಹಲಗೆ, ಬಟ್ಟೆಗಳನ್ನು ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಕುಳಿತು ಜೋಡಿಸಿ, ಅಜ್ಜನ ಕಾಲದ ಪೈಪರ್ ಕಬ್ ವಿಮಾನದ ಪ್ರತಿರೂಪವನ್ನು ಹಾರಿಸುವವರು ಅಲ್ಲಿದ್ದಾರೆ. ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಯೇ ತನ್ನ ಕಲಿಕೆಗಾಗಿ ಮಾಡಿರಬೇಕೆಂಬುದು ಅಲ್ಲಿನ ಕಾನೂನು. ಈ ನಿಯಮದಲ್ಲಿ ಒಂದು ಶಿಕ್ಷಣತತ್ತ್ವವೇ ಅಡಗಿದೆ.

ಬೆಂಗಳೂರಿನಲ್ಲಿಯೂ ಈ ದಾರಿಯನ್ನು ತುಳಿದವರುಂಟು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ, ಅಮೆರಿಕದ ಬರ್ಟ್ ರೂಟಾನರು ಮನೆಯಲ್ಲಿ ಕಟ್ಟುವವರಿಗಾಗಿ ರೂಪಿಸಿದ್ದ ಲಾಂಗ್ ಈಜಿ ಎಂಬ ವಿಮಾನವನ್ನು ಆಧರಿಸಿ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿದರು. ಗಾಜಿನ ನಾರು ಮತ್ತು ರಾಳಗಳಿಂದ ವಿಮಾನದ ಮೈಯನ್ನು ಎರೆಯುವ ವಿದ್ಯೆ ಅದರಿಂದ ಅವರ ಕೈಗೆ ಬಂದಿತು. ಅದೇ ಸಂಸ್ಥೆಯಿಂದ 1993ರಲ್ಲಿ ಹಾರಿದ ಹಂಸ ಎಂಬ ಎರಡು ಪೀಠದ ವಿಮಾನದ ಮೈಯೂ ಅಂತಹುದೇ. ಬೆಂಗಳೂರಿನ ರಾಜಹಂಸ ಸಂಸ್ಥೆಯು ಎಕ್ಸ್-ಏರ್ ಎಂಬ ಅತಿ ಹಗುರ ವಿಮಾನದ ಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ವಿದೇಶದ ಹವ್ಯಾಸಿಗಳಿಗೆ ಕಳುಹಿಸಿತು. 1941ರಲ್ಲಿ ಪರದೇಶದ ತುಂಡುಗಳನ್ನು ಜೋಡಿಸಿ ಅಕ್ಷರ ಕಲಿತ ಊರು ಹೀಗೆ ಪರದೇಶದವರಿಗೆ ಜೋಡಿಸಲು ತುಂಡುಗಳನ್ನು ಕಳುಹಿಸಿಕೊಟ್ಟಿತು.

ನಮ್ಮ ಮುಂದಿನ ಕರ್ತವ್ಯ

ಶರಣರು ಕಾಯಕವನ್ನು ಎತ್ತಿಹಿಡಿದಾಗ ಅದರಲ್ಲಿ ಮೇಲು ಕೀಳುಗಳನ್ನು ಎಣಿಸಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ಆ ಹಗ್ಗ, ಆ ಬುಟ್ಟಿಗಳೂ ಹಿಂದಿನವರ ಹಗ್ಗ, ಬುಟ್ಟಿಗಳ ಮಾದರಿಯವೇ. ನಮ್ಮ ಚನ್ನಪಟ್ಟಣದ ಕಲೆಯೂ ಹಾಗೆಯೇ ಬೆಳೆಯಿತು. ಬಾವಸ್ ಮಿಯಾನ್ ಎಂಬ ಹಿರಿಯರು ಜಪಾನಿನ ಅರಗಿನ ಕೆಲಸವನ್ನು ಕಲಿತು ಬಂದು ಇಲ್ಲಿ ಅದನ್ನು ಬೆಳೆಸಿದರೆಂದು ಆ ಊರು ಇಂದಿಗೂ ನೆನೆಯುತ್ತದೆ. ಕಲಿತದ್ದು ಪರರಿಂದ, ಲೋಕ ಇಂದು ಅದನ್ನು ಗುರುತಿಸುವುದು ಚನ್ನಪಟ್ಟಣದ ಹೆಸರಿನಿಂದ.

ಇಂದಿನ ಪ್ರದರ್ಶನಗಳಲ್ಲಿ ಅಂಗಡಿಯಿಂದ ಸಿದ್ಧವಾಗಿ ಬಂದ ವಸ್ತುಗಳನ್ನು ಮಕ್ಕಳು ತಂದಿಡುತ್ತಾರೆ; ಅವುಗಳನ್ನು ನಾವು ಮೆಚ್ಚುತ್ತೇವೆ. ತನ್ನ ಕೈಯಿಂದ ಅಳೆದು, ಕೊಯ್ದು, ಉಜ್ಜಿ ಮಾಡಿದ ಮಗುವನ್ನು ನಕಲು ಮಾಡಿದೆಯೆಂದು ಗದರುತ್ತೇವೆ. ನಕಲೆಂಬುದು ಕೈಯನ್ನು ಬಳಸದೆ ಫಲವನ್ನು ಬಯಸುವುದು. ಅನುಸರಣೆಯೆಂಬುದು ಕೈಯನ್ನು ಬಳಸಿ ಹಿರಿಯರ ಅಳತೆಯನ್ನು ತನ್ನದಾಗಿಸಿಕೊಳ್ಳುವುದು. ಇವೆರಡರ ಅಂತರವನ್ನು ಅರಿಯದ ಉಪಾಧ್ಯಾಯ, ನಾನು ಮಾಡಿದಂತೆ, ಒಬ್ಬ ಶಿಲ್ಪಿಯನ್ನು ಮೊಳಕೆಯಲ್ಲಿಯೇ ಚಿವುಟಬಲ್ಲ.

ಆ ಹುಡುಗನನ್ನು ಹುಡುಕಿಕೊಂಡು ನಾನು ಚನ್ನಪಟ್ಟಣಕ್ಕೆ ಹೋದೆ. ಅವನು ಎಸ್.ಎಸ್.ಎಲ್.ಸಿ. ಮುಗಿಸಿ ಕೆಲಸಕ್ಕೆಂದು ಬೆಂಗಳೂರನ್ನು ಸೇರಿದ್ದ. ಅವನ ತಂದೆಯವರು ಕಡೆಯುವ ಯಂತ್ರವನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಎದ್ದು ಬಂದು ನನ್ನನ್ನು ಕೂರಿಸಿದರು. ನನ್ನ ತಪ್ಪನ್ನು ಅವರಲ್ಲಿ ಒಪ್ಪಿಕೊಂಡೆ. ಅವರು ಏನನ್ನೂ ಹೇಳದೆ ನಕ್ಕು, ಒಳಗಿನಿಂದ ಒಂದು ಹಲಗೆಯನ್ನು ತಂದು ತೋರಿಸಿದರು. ಅದರ ಮೇಲೆ ಹುಡುಗ ಪೆನ್ಸಿಲ್ಲಿನಿಂದ ರೆಕ್ಕೆಯ, ಬಾಲದ, ಪಂಖದ ಅಳತೆಗಳನ್ನು ಮೂರು ಸಲ ಬರೆದು, ಎರಡು ಸಲ ಹೊಡೆದುಹಾಕಿದ್ದ. ವಿನ್ಯಾಸಕಾರನ ಮೇಜಿನ ಮೇಲೆ ಕಾಣಬಹುದಾದ ತಿದ್ದುಪಡಿಗಳೇ ಅವು.

ಆ ವಿಮಾನವನ್ನು ಈಗ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿರಿಸಿ, ಕೆಳಗೆ ಪುಷ್ಪಕವೆಂಬ ಹೆಸರನ್ನೂ ಹುಡುಗನ ಹೆಸರನ್ನೂ ಬರೆಸಿದ್ದೇನೆ. ಅಷ್ಟರಿಂದ ಋಣ ತೀರುವುದಿಲ್ಲ. ನಮ್ಮ ಶಾಲೆಯಲ್ಲಿ ಪುಸ್ತಕಗಳಿಗೆ ಕೊಠಡಿಯಿದೆ, ಪ್ರಾರ್ಥನೆಗೆ ಮಂದಿರವಿದೆ, ಆಟಕ್ಕೆ ಬಯಲಿದೆ, ಕೈಕೆಲಸಕ್ಕೊಂದು ಕೊಠಡಿಯಿಲ್ಲ. ಒಂದು ಮರಗೆಲಸದ ಮೇಜು, ಒಂದು ಕಡೆಯುವ ಯಂತ್ರ, ಕೆಲವು ಉಳಿ ಗರಗಸಗಳು, ಅಳತೆಪಟ್ಟಿಗಳು ಮತ್ತು ವಾರಕ್ಕೆರಡು ದಿನ ಬಂದು ಕಲಿಸಬಲ್ಲ ಚನ್ನಪಟ್ಟಣದ ಕುಶಲಿಯೊಬ್ಬರು: ಇಷ್ಟು ಒದಗಿದರೆ ಕೊಠಡಿ ಆರಂಭವಾಗುತ್ತದೆ. ಕಟ್ಟಡಗಳಿಗೆ ಉದಾರವಾಗಿ ನೆರವಿತ್ತ ದಾನಿಗಳು ಇದಕ್ಕೂ ಮನಸ್ಸು ಮಾಡಬೇಕೆಂದೂ, ವಿಮಾನ ಕಾರ್ಖಾನೆಯೇ ಮೊದಲಾದ ಕಡೆಗಳಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನವಾದರೂ ಬಂದು ಮಕ್ಕಳ ಜೊತೆ ಕೂರಬೇಕೆಂದೂ, ಶ್ರೀಮಠದ ಪೂಜ್ಯರು ಈ ಕಾರ್ಯವನ್ನು ಹರಸಬೇಕೆಂದೂ ವಿನಯದಿಂದ ಬಿನ್ನವಿಸಿಕೊಳ್ಳುತ್ತೇನೆ.

ಪರದೇಶದ ತುಂಡುಗಳನ್ನು ಜೋಡಿಸುವ ಕಾರ್ಖಾನೆಯನ್ನು ಸೇರಿ, ಸ್ವದೇಶದ ರೆಕ್ಕೆಗಳನ್ನು ಕಟ್ಟಿಕೊಟ್ಟು ಹೋದರು ಡಾ. ಘಾಟಗೆಯವರು. ಅವರ ಹೆಸರನ್ನು ಆ ಕೊಠಡಿಯ ಬಾಗಿಲಿನ ಮೇಲೆ ಬರೆಸುವ ಭಾಗ್ಯ ನಮಗೆ ಬೇಗನೆ ಒದಗಲಿ. ಆ ಬಾಗಿಲನ್ನು ತೆರೆಯಲು ಬೆಂಗಳೂರಿನಿಂದ ಆ ಹುಡುಗನನ್ನೇ ಕರೆಸೋಣ.